ಹಾ ಫೂ ಚೋ ಕೊಳ್ಳುವ ಮುನ್ನ: ಬಿಡಿ ತೆನೆಯೋ, ಅಂಗಡಿ ಬಟ್ಟಲೋ, ಡಬ್ಬಿಯೋ, ಪುಡಿಯೋ?

ಹಾಂಗ್‌ಕಾಂಗ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ಬಾಯಿ ತುಂಬ ಹುಣ್ಣಾಯಿತು. ಎರಡು ರಾತ್ರಿ ನಿದ್ದೆ ಇಲ್ಲ, ಕಣ್ಣು ಬೇರೆ ಕೆಂಪು. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯ ಪೋ ಪೋ ನನ್ನ ಮುಖ ನೋಡಿದ ಕೂಡಲೇ "ಯಿಟ್ ಹೇ" ಅಂದರು. ಪೋ ಪೋ ಅಂದರೆ ಅಜ್ಜಿ. ಯಿಟ್ ಹೇ ಅಂದರೆ ಏನು ಅಂತ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಅವರು ಗಂಟಲು ಮುಟ್ಟಿಕೊಂಡು, ಕೈಯನ್ನು ಬೀಸಣಿಗೆ ಹಾಗೆ ಆಡಿಸಿದರು. ಅಷ್ಟು ಸಾಕಾಯಿತು. ಶಿವಮೊಗ್ಗದಲ್ಲಿ ನಮ್ಮಮ್ಮ "ಮೈ ಉಷ್ಣ ಆಗಿದೆ ಕಣೇ" ಅನ್ನುತ್ತಾರಲ್ಲ, ಅದೇ ಮಾತು, ಬೇರೆ ಭಾಷೆಯಲ್ಲಿ.

ಅವರು ಹೇಳಿದ ಮದ್ದಿನ ಹೆಸರು ಹಾ ಫೂ ಚೋ. ಇದು ಹಾಂಗ್‌ಕಾಂಗ್ ಮತ್ತು ಅದರ ಪಕ್ಕದ ಚೀನಾ ಪ್ರಾಂತ ಗ್ವಾಂಗ್‌ಡಾಂಗ್ ಕಡೆಯ ಕ್ಯಾಂಟನೀಸ್ ಭಾಷೆಯ ಹೆಸರು. ಮ್ಯಾಂಡರಿನ್‌ನಲ್ಲಿ ಶ್ಯಾ ಕೂ ತ್ಸಾವ್. ಎರಡಕ್ಕೂ ಅರ್ಥ ಒಂದೇ: ಬೇಸಿಗೆಯಲ್ಲಿ ಒಣಗುವ ಹುಲ್ಲು. ಸರಿ, ಕೊಳ್ಳೋಣ ಅಂತ ಹೋದೆ. ಒಂದೇ ಹೆಸರಿನಲ್ಲಿ ಎಷ್ಟೊಂದು ಸಾಮಾನು! ಗೋಣಿಯಲ್ಲಿ ಬಿಡಿ ತೆನೆ, ಚಹಾ ಅಂಗಡಿಯಲ್ಲಿ ಬಟ್ಟಲು, ಸೂಪರ್‌ಮಾರ್ಕೆಟ್‌ನಲ್ಲಿ ಬಾಟಲಿ, ಔಷಧದ ಅಂಗಡಿಯಲ್ಲಿ ಪುಡಿ. ಯಾವುದು ಯಾವುದಕ್ಕೆ ಅಂತ ಹೇಳುವವರು ಯಾರೂ ಇರಲಿಲ್ಲ. ಅವತ್ತು ನನಗೆ ಬೇಕಾಗಿದ್ದ ಮಾಹಿತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಾಂಗ್‌ಕಾಂಗ್, ಗ್ವಾಂಗ್‌ಝೌ, ಸಿಂಗಾಪುರದಲ್ಲಿರುವ ನಮ್ಮವರಿಗೆ ಉಪಯೋಗವಾಗಬಹುದು.

ಮೊದಲು ಗಿಡದ ಪರಿಚಯ

ಇದರ ಸಸ್ಯಶಾಸ್ತ್ರದ ಹೆಸರು ಪ್ರುನೆಲ್ಲಾ ವಲ್ಗಾರಿಸ್. ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಯ ಕುಟುಂಬವೇ. ಗೇಣುದ್ದ, ಹೆಚ್ಚೆಂದರೆ ಒಂದೂವರೆ ಗೇಣು ಬೆಳೆಯುತ್ತದೆ. ಹುಲ್ಲುಗಾವಲಿನಲ್ಲಿ, ಬದುಗಳ ಮೇಲೆ, ದಾರಿ ಪಕ್ಕದ ತೇವದ ನೆಲದಲ್ಲಿ ತಾನಾಗಿಯೇ ಬರುತ್ತದೆ. ತುದಿಯಲ್ಲಿ ಒಂದು ದಪ್ಪ ತೆನೆ, ಅದರ ಸುತ್ತ ಸಣ್ಣ ನೇರಳೆ ಹೂಗಳು. ಹೂವು ಉದುರಿದ ಮೇಲೂ ತೆನೆ ಗಟ್ಟಿಯಾಗಿ ನಿಂತಿರುತ್ತದೆ. ಬೇಸಿಗೆ ನಡು ಹೊತ್ತಿಗೆ, ಅಂದರೆ ಜೂನ್ 21ರ ಆಸುಪಾಸಿನಲ್ಲಿ, ಸುತ್ತಲಿನ ಹುಲ್ಲೆಲ್ಲ ಹಸಿರಾಗಿರುವಾಗ ಇದೊಂದರ ತೆನೆ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಹೆಸರು ಬಂದಿದ್ದು ಹಾಗೆ. ಔಷಧಕ್ಕೆ ಬೇಕಾಗಿರುವುದು ಆ ಒಣಗಿದ ತೆನೆಯೇ. ಎಲೆಯಲ್ಲ, ಬೇರಲ್ಲ.

ಚೀನೀಯರ ಅತಿ ಹಳೆಯ ಮೂಲಿಕೆ ಗ್ರಂಥವಾದ ಶೆನ್‌ನೊಂಗ್ ಬೆನ್‌ಸಾವ್ ಜಿಂಗ್‌ನಲ್ಲೇ ಇದರ ಹೆಸರಿದೆ. 1596ರಲ್ಲಿ ಅಚ್ಚಾದ, ಲಿ ಶಿಝೆನ್ ಅನ್ನುವ ಚೀನೀ ವೈದ್ಯರ ದೊಡ್ಡ ಮೂಲಿಕೆ ಗ್ರಂಥದಲ್ಲಿ, ರಾತ್ರಿ ಹೊತ್ತು ಜಾಸ್ತಿಯಾಗುವ ಕಣ್ಣು ನೋವಿಗೆ ಇದನ್ನು ಹೇಳಿದ್ದಾರೆ. ಚೀನೀ ವೈದ್ಯರ ಲೆಕ್ಕದಲ್ಲಿ ಇದು ಕಹಿ, ಸ್ವಲ್ಪ ಖಾರ, ಗುಣದಲ್ಲಿ ತಂಪು. ಯಕೃತ್ತಿನ ಉರಿ ಇಳಿಸುತ್ತದೆ, ಕಣ್ಣಿಗೆ ಒಳ್ಳೆಯದು, ಗಂಟು ಕರಗಿಸುತ್ತದೆ ಅನ್ನುತ್ತಾರೆ. ಯುರೋಪಿನಲ್ಲೂ ಇದೇ ಗಿಡವನ್ನು ಗಾಯಕ್ಕೆ, ಗಂಟಲು ನೋವಿಗೆ ಬಳಸುತ್ತಿದ್ದರು. ಇಂಗ್ಲಿಷ್‌ನಲ್ಲಿ ಸೆಲ್ಫ್‌ಹೀಲ್ ಅನ್ನುವ ಹೆಸರು ಉಳಿದಿದೆ.

ಈಗಿನ ವಿಜ್ಞಾನದ ಮಾತನ್ನೂ ಹೇಳಿಬಿಡುತ್ತೇನೆ. ಈ ತೆನೆಯಲ್ಲಿ ರೋಸ್‌ಮರಿನಿಕ್ ಆಮ್ಲ, ಅರ್ಸೋಲಿಕ್ ಆಮ್ಲದಂಥ ಅಂಶಗಳಿವೆ. ಪ್ರಯೋಗಾಲಯದಲ್ಲಿ ಉರಿಯೂತದ ಮೇಲೆ, ಕೆಲವು ವೈರಸ್‌ಗಳ ಮೇಲೆ ಇವು ಕೆಲಸ ಮಾಡಿದ್ದನ್ನು ನೋಡಿದ್ದಾರೆ. ಗಾಜಿನ ತಟ್ಟೆಯಲ್ಲಿ ಆದದ್ದು ಮೈಯೊಳಗೂ ಆಗಿಯೇ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಾಗಾಗಿ ನಾನು ಇದನ್ನು ನಮ್ಮ ಕೊತ್ತಂಬರಿ-ಜೀರಿಗೆ ಕಷಾಯ, ಸೊಗದೆ ಬೇರಿನ ಶರಬತ್ತಿನ ಸಾಲಿನಲ್ಲಿ ಇಟ್ಟು ನೋಡುತ್ತೇನೆ. ಕುಡಿದರೆ ಹಿತ. ಕಾಯಿಲೆಗೆ ಡಾಕ್ಟರು.

ಬಿಡಿ ತೆನೆ: ನನ್ನ ಮೊದಲ ಆಯ್ಕೆ

ಕೈಗೆ ತಗೊಂಡು ನೋಡುವ ಅವಕಾಶ ಇದರಲ್ಲಿ ಮಾತ್ರ ಇದೆ. ನಾನು ಇದರ ಪರ ಇರುವುದಕ್ಕೆ ಮುಖ್ಯ ಕಾರಣವೇ ಅದು.

ಹಾಂಗ್‌ಕಾಂಗ್‌ನ ಶ್ಯೂಂಗ್ ವಾನ್ ಬಡಾವಣೆಯ ಕೋ ಶಿಂಗ್ ಬೀದಿಯಲ್ಲಿ ಸಾಲಾಗಿ ಮೂಲಿಕೆ ಅಂಗಡಿಗಳಿವೆ. ಊರಿನವರು ಅದನ್ನು ಔಷಧದ ಬೀದಿ ಅಂತಲೇ ಕರೆಯುತ್ತಾರೆ. ಅಲ್ಲಿ ಒಂದು ತೆನೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ತೂಕವೇ ಇಲ್ಲ ಅನ್ನಿಸುತ್ತದೆ. ಪುಟ್ಟ ಸಜ್ಜೆ ತೆನೆಯ ತುಂಡಿನ ಹಾಗಿರುತ್ತದೆ, ಸ್ವಲ್ಪ ಚಪ್ಪಟೆ. ಸುತ್ತು ಸುತ್ತಾಗಿ ಪುಟ್ಟ ಬಟ್ಟಲುಗಳನ್ನು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಅಮ್ಮ ನಮ್ಮ ಮನೆಗೆ ಬಂದಾಗ ಇದನ್ನು ಎತ್ತಿ ನೋಡಿ, "ಇದೇನೇ, ನಮ್ಮ ತುಳಸಿ ಕದಿರನ್ನ ದಪ್ಪ ಮಾಡಿಟ್ಟ ಹಾಗಿದೆಯಲ್ಲ" ಅಂದರು. ಕುಟುಂಬ ಒಂದೇ ಅಂತ ನಾನು ಆಮೇಲೆ ಹೇಳಿದ್ದು.

ನೋಡಬೇಕಾದ್ದು ಮೊದಲು ಬಣ್ಣ. ಕೆಂಪು ಮಿಶ್ರಿತ ಕಂದು ಇರಬೇಕು. ಚೀನಾದ ಸರ್ಕಾರಿ ಔಷಧ ಸಂಹಿತೆಯೂ ತೆನೆ ಆ ಬಣ್ಣಕ್ಕೆ ಬಂದಾಗ ಕೊಯ್ಯಬೇಕು ಅನ್ನುತ್ತದೆ. ಹಸಿರು ಉಳಿದಿದ್ದರೆ ಬೇಗ ಕೊಯ್ದಿದ್ದಾರೆ. ಕಪ್ಪಾಗಿದ್ದರೆ ತುಂಬ ತಡವಾಗಿದೆ, ಇಲ್ಲವೇ ಮಳೆಯಲ್ಲಿ ನೆನೆದಿದೆ. ಸಂಹಿತೆಯ ಪ್ರಕಾರ ತೆನೆಯ ಉದ್ದ 1.5ರಿಂದ 8 ಸೆಂ.ಮೀ. ವ್ಯಾಪಾರಿಗಳು ದೊಡ್ಡ ತೆನೆಗೆ ಬೆಲೆ ಜಾಸ್ತಿ ಹೇಳುತ್ತಾರೆ. ನಾನು ಗಾತ್ರಕ್ಕಿಂತ ಕಾಂಡವನ್ನು ನೋಡುತ್ತೇನೆ. ಉದ್ದುದ್ದ ಕಡ್ಡಿ ಬಿಟ್ಟಿದ್ದರೆ ನೀವು ದುಡ್ಡು ಕೊಡುತ್ತಿರುವುದು ಕಡ್ಡಿಗೆ.

ಆಮೇಲೆ ವಾಸನೆ. ಒಣ ಹುಲ್ಲಿನ ಬಣವೆ ಹತ್ತಿರ ಬರುತ್ತದಲ್ಲ, ಅಂಥ ತಿಳಿ ವಾಸನೆ ಇರಬೇಕು. ಪುದೀನದ ಕುಟುಂಬ ಅಂತ ಘಮ ಹುಡುಕಬೇಡಿ, ಇದಕ್ಕೆ ಅಷ್ಟು ಘಮ ಇಲ್ಲ. ಮುಗ್ಗಲು ವಾಸನೆ ಬಂದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ. ನಾನು ಒಮ್ಮೆ ಪ್ಯಾಕೆಟ್ ಮೇಲಿನ ಚಂದದ ಚಿತ್ರ ನೋಡಿ ಒಂದು ಅಂಗಡಿಯಿಂದ ತಂದೆ. ಮನೆಗೆ ಬಂದು ಬಿಚ್ಚಿದರೆ ಒಳಗಿನ ತೆನೆಗಳು ಕಪ್ಪಗೆ, ಒಂದಕ್ಕೊಂದು ಬಲೆ ಕಟ್ಟಿದ ಹಾಗೆ ಅಂಟಿಕೊಂಡಿದ್ದವು. ಕುದಿಸಿದ ನೀರು ಹಳೇ ಗೋಣಿಚೀಲದ ರುಚಿ. ಪೂರ್ತಿ ಚೆಲ್ಲಿದೆ. ಅವತ್ತಿನಿಂದ ಪ್ಯಾಕೆಟ್ ತಗೊಂಡರೂ ಒಳಗೆ ಕಾಣುವಂಥದ್ದನ್ನೇ ತಗೊಳ್ಳುತ್ತೇನೆ.

ಇನ್ನೊಂದು ಪರೀಕ್ಷೆ ನಮ್ಮವರಿಗೆ ತುಂಬ ಸುಲಭ. ತೆನೆಯ ಪುಟ್ಟ ಬಟ್ಟಲೊಂದನ್ನು ಉಗುರಿನಿಂದ ಬಿಡಿಸಿ. ಒಳಗೆ ನಾಲ್ಕು ಚಿಕ್ಕ ಕಂದು ಬೀಜಗಳಿರುತ್ತವೆ, ತುದಿಯಲ್ಲಿ ಬಿಳಿ ಚುಕ್ಕೆ. ಒಂದು ಚಮಚ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಬೀಜದ ಸುತ್ತ ಬೆಳ್ಳಗೆ ಲೋಳೆ ಕಟ್ಟುತ್ತದೆ. ಕಾಮಕಸ್ತೂರಿ ಬೀಜ ನೆನೆಸಿದವರಿಗೆ ಇದು ಹೊಸದಲ್ಲ, ಅಲ್ವಾ? ಅಷ್ಟು ದಪ್ಪ ಊದುವುದಿಲ್ಲ, ತೆಳ್ಳಗೆ ಒಂದು ಪದರ. ಮೂಲಿಕೆ ಗುರುತಿಸುವವರು ಇದನ್ನು ನಿಜವಾಗಿಯೂ ಒಂದು ಲಕ್ಷಣವಾಗಿ ನೋಡುತ್ತಾರೆ. ಕೆಲವು ತೆನೆಗಳಲ್ಲಿ ಬೀಜ ಉದುರಿಹೋಗಿರುತ್ತವೆ, ಆಗ ಇನ್ನೊಂದು ತೆನೆ ಬಿಡಿಸಿ ನೋಡಿ.

ಹೆಸರಿನ ವಿಷಯದಲ್ಲೂ ಸ್ವಲ್ಪ ಹುಷಾರು. ಲೇಬಲ್ ಮೇಲೆ ಚೀನೀ ಲಿಪಿಯ ಮೂರೇ ಅಕ್ಷರ ಇರಬೇಕು. ಅವುಗಳ ಮೊದಲಿಗೆ ಇನ್ನೆರಡು ಅಕ್ಷರ ಸೇರಿ 'ಬಿಳಿ ಕೂದಲಿನ ಹಾ ಫೂ ಚೋ' ಅಂತ ಆಗಿದ್ದರೆ ಅದು ಬೇರೆ ಗಿಡ. ಕುಟುಂಬ ಇದೇ ಆದರೂ ಅದನ್ನು ಬಳಸುವ ರೀತಿಯೇ ಬೇರೆ, ಇಡೀ ಗಿಡವನ್ನು ಒಣಗಿಸಿ ಮಾರುತ್ತಾರೆ. ತೆನೆ ಕಾಣದೆ ಬರೀ ಎಲೆ ಕಾಂಡ ಕಂಡರೆ ಕೊಳ್ಳಬೇಡಿ.

ಎಲ್ಲಿಂದ ಬಂದದ್ದು ಅಂತಲೂ ಕೇಳಬಹುದು. ಜಿಯಾಂಗ್ಸು, ಅನ್‌ಹುಯಿ, ಹೆನಾನ್, ಝೆಜಿಯಾಂಗ್ ಪ್ರಾಂತಗಳಿಂದ ಜಾಸ್ತಿ ಬರುತ್ತದೆ. ಹೆನಾನ್‌ನ ಚ್ಯುಯೆಶಾನ್ ಜಿಲ್ಲೆಯ ತೆನೆಗೆ ಚೀನಾದಲ್ಲಿ ಒಳ್ಳೆಯ ಹೆಸರಿದೆ. ಈಗ ಸಿಗುವುದರಲ್ಲಿ ಕಾಡಿನದಕ್ಕಿಂತ ಹೊಲದಲ್ಲಿ ಬೆಳೆದದ್ದೂ ಸಾಕಷ್ಟಿದೆ. ಅದರಿಂದ ಏನೂ ತೊಂದರೆ ಇಲ್ಲ, ಹುಲ್ಲುಗಾವಲಿನ ಗಿಡಗಳಿಗೆ ಸ್ವಲ್ಪ ಉಸಿರಾಡಲು ಬಿಟ್ಟ ಹಾಗಾಯಿತು.

ತೂಕದ ಲೆಕ್ಕ ಗೊತ್ತಿಲ್ಲದೆ ಮೊದಲ ಸಲ ನಾನು ಜಾಸ್ತಿ ತಂದುಬಿಟ್ಟಿದ್ದೆ. ಹಾಂಗ್‌ಕಾಂಗ್ ಅಂಗಡಿಯಲ್ಲಿ ಲ್ಯೂಂಗ್ ಲೆಕ್ಕ. ಒಂದು ಲ್ಯೂಂಗ್ ಅಂದರೆ ಸುಮಾರು 37.8 ಗ್ರಾಂ, ಅಂಥ 16 ಸೇರಿದರೆ ಒಂದು ಕ್ಯಾಟಿ. ಗಡಿ ದಾಟಿ ಶೆನ್‌ಝೆನ್‌ಗೆ ಹೋದರೆ ಅದೇ ಲ್ಯೂಂಗ್ 50 ಗ್ರಾಂ ಆಗುತ್ತದೆ. ಔಷಧ ಸಂಹಿತೆ ಹೇಳುವುದು ಒಬ್ಬರಿಗೆ ದಿನಕ್ಕೆ 9ರಿಂದ 15 ಗ್ರಾಂ. ಹಾಗಾಗಿ ಹಾಂಗ್‌ಕಾಂಗ್‌ನ ಒಂದು ಲ್ಯೂಂಗ್ ಮೂರು ಜನಕ್ಕೆ ಒಂದು ಸಲಕ್ಕೆ ಸಾಕು. ತೆನೆ ಹಗುರ, ನೋಡುವುದಕ್ಕೆ ರಾಶಿ ಕಾಣುತ್ತದೆ. ಎರಡು ಲ್ಯೂಂಗ್‌ಗಿಂತ ಜಾಸ್ತಿ ಒಮ್ಮೆಗೆ ತರಬೇಡಿ. ಇಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಗೋಡೆಯೇ ಬೆವರುತ್ತದೆ, ತೆನೆ ಬೂಸಲು ಹಿಡಿಯುವುದಕ್ಕೆ ಎಷ್ಟು ಹೊತ್ತು? ಉಳಿದದ್ದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ.

ಕುದಿಸುವುದು ಹೀಗೆ. ಒಂದು ಲ್ಯೂಂಗ್ ತೆನೆಯನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಆ ಪುಟ್ಟ ಬಟ್ಟಲುಗಳ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಸುಮ್ನೆ ಒಂದು ಸಲ ಅಲ್ಲಾಡಿಸಿದರೆ ಹೋಗುವುದಿಲ್ಲ. ಇಪ್ಪತ್ತು ನಿಮಿಷ ನೆನೆಸಿ. ಒಂದೂವರೆ ಲೀಟರ್ ನೀರು ಹಾಕಿ ಒಲೆ ಮೇಲಿಡಿ. ತೆನೆ ತೇಲುತ್ತಲೇ ಇರುತ್ತದೆ, ಸೌಟಿನಿಂದ ಆಗಾಗ ಅದುಮಬೇಕು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬಿಡಿ. ನೀರು ಕೆಂಪು ಕಂದಾಗುತ್ತದೆ, ಸ್ಟ್ರಾಂಗ್ ಆದ ಕರಿ ಟೀ ಹಾಗೆ. ತೆಳು ಬಟ್ಟೆಯಲ್ಲಿ ಸೋಸಿ. ಕಹಿ ಇದೆ, ಆದರೆ ನೆಲಬೇವಿನ ಕಷಾಯ ಕುಡಿದವರಿಗೆ ಇದೇನೂ ಅಲ್ಲ. ಸಿಹಿ ಬೇಕಾದರೆ ಕಲ್ಲುಸಕ್ಕರೆ ಹಾಕಿ, ಬೆಲ್ಲ ಬೇಡ. ಇದು ಪೋ ಪೋ ಹೇಳಿದ್ದು. ಬೆಲ್ಲ ಉಷ್ಣ, ಕಲ್ಲುಸಕ್ಕರೆ ತಂಪು ಅನ್ನುವ ಲೆಕ್ಕ ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೇ ಆಗಿರುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಕ್ಯಾಂಟನೀಸ್ ಮನೆಗಳಲ್ಲಿ ಇದನ್ನು ಹಂದಿ ಮಾಂಸದ ಜೊತೆ ಸೂಪ್ ಮಾಡುವುದೂ ಉಂಟು. ಸಸ್ಯಾಹಾರಿಗಳು ಹೊರಗೆ ಈ ಹೆಸರಿನ ಸೂಪ್ ಕಂಡರೆ ಕೇಳಿಕೊಂಡು ತಗೊಳ್ಳಿ.

ಅಂಗಡಿಯ ಬಟ್ಟಲು

ಕುದಿಸುವ ವ್ಯವಧಾನ ಇಲ್ಲದವರಿಗೆ ಲ್ಯೂಂಗ್ ಚಾ ಅಂಗಡಿಗಳಿವೆ. ಲ್ಯೂಂಗ್ ಚಾ ಅಂದರೆ ತಂಪಿನ ಚಹಾ (ತೂಕದ ಲ್ಯೂಂಗ್ ಬೇರೆ ಪದ). ಹೆಸರು ಚಹಾ, ಒಳಗೆ ಟೀ ಎಲೆಯೇ ಇರುವುದಿಲ್ಲ, ಪೂರ್ತಿ ಮೂಲಿಕೆ ಕಷಾಯ. ಹಳೆಯ ಅಂಗಡಿಗಳಲ್ಲಿ ಸೋರೆ ಬುರುಡೆ ಆಕಾರದ ದೊಡ್ಡ ಹಿತ್ತಾಳೆ ಪಾತ್ರೆ ಇರುತ್ತದೆ, ಫಳಫಳ ಹೊಳೆಯುತ್ತಿರುತ್ತದೆ. ಬೀದಿಯಲ್ಲೇ ನಿಂತು ಬಟ್ಟಲೆತ್ತಿ ಕುಡಿದು ಹೋಗುವುದು. 2006ರಲ್ಲಿ ಚೀನಾ ಈ ಲ್ಯೂಂಗ್ ಚಾ ಪದ್ಧತಿಯನ್ನು ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೆ ಸೇರಿಸಿತು. ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವ್ ಮೂರೂ ಸೇರಿ ಕೇಳಿದ್ದು.

ಇಲ್ಲಿ ಗೊಂದಲ ಆಗುವುದು ಹೆಸರುಗಳಿಂದ. 'ಯಾ ಸೇ ಮೇ' ಅಂತ ಒಂದಿರುತ್ತದೆ, ಇಪ್ಪತ್ನಾಲ್ಕು ರುಚಿ ಅಂತ ಅರ್ಥ. ಹತ್ತಾರು ಮೂಲಿಕೆ ಸೇರಿಸಿದ್ದು, ಕಡು ಕಹಿ. ಹೊಸಬರು ಅದರಿಂದ ಶುರು ಮಾಡಿದರೆ ಮತ್ತೆ ಆ ಅಂಗಡಿ ಕಡೆ ತಲೆ ಹಾಕುವುದಿಲ್ಲ. 'ಐದು ಹೂವಿನ ಚಹಾ' ಸಿಹಿಯಾಗಿ ಹಗುರವಾಗಿರುತ್ತದೆ, ಆದರೆ ಅದರಲ್ಲಿ ಹಾ ಫೂ ಚೋ ಇರಬೇಕಾಗಿಲ್ಲ. ನಿಮಗೆ ಬೇಕಾದದ್ದು ಇದೇ ಆದರೆ ಹೆಸರು ಹಿಡಿದು "ಹಾ ಫೂ ಚೋ" ಅಂತಲೇ ಕೇಳಿ.

ಬಟ್ಟಲಿನ ಅನುಕೂಲ ತಾಜಾತನ. ಅನಾನುಕೂಲ ಅಂದರೆ ಒಳಗೆ ಏನು ಎಷ್ಟು ಹಾಕಿದ್ದಾರೆ ಅಂತ ಕಾಣುವುದಿಲ್ಲ. ಗ್ವಾಂಗ್‌ಡಾಂಗ್‌ನಲ್ಲಿ ಕೆಲವು ಬೀದಿ ಅಂಗಡಿಗಳ ಕಹಿ ಚಹಾದಲ್ಲಿ ಪ್ಯಾರಾಸಿಟಮಾಲ್‌ನಂಥ ಮಾತ್ರೆ ಬೆರೆಸಿದ್ದು ಅಧಿಕಾರಿಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದಿದೆ. ಕುಡಿದ ಹತ್ತು ನಿಮಿಷಕ್ಕೆ ತಲೆನೋವು ಹೋಯಿತು, ನಿದ್ದೆ ಬಂತು ಅಂದರೆ ಖುಷಿಪಡುವ ಬದಲು ಅನುಮಾನಪಡಿ. ಜನ ಓಡಾಡುವ, ದಿನವೂ ಪಾತ್ರೆ ಖಾಲಿಯಾಗುವ ಅಂಗಡಿಯನ್ನೇ ಆರಿಸಿಕೊಳ್ಳಿ.

ಡಬ್ಬಿ ಮತ್ತು ಬಾಟಲಿ

ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಇದು ತಂಪು ಪಾನೀಯ, ಮದ್ದಲ್ಲ.

ವಾಂಗ್ ಲಾವೋ ಜಿ ಹೆಸರು ಕೇಳಿರಬಹುದು. 1828ರಲ್ಲಿ ಗ್ವಾಂಗ್‌ಝೌನಲ್ಲಿ ಶುರುವಾದ ಹಳೆಯ ಮನೆತನದ ಚಹಾ. ಈಗಿನ ಕೆಂಪು ಡಬ್ಬಿಯ ಮೇಲೆ ಬರೆದ ಪದಾರ್ಥಗಳನ್ನು ಓದಿದರೆ ಮೊದಲು ನೀರು, ಆಮೇಲೆ ಸಕ್ಕರೆ, ಆಮೇಲೆ ಮೂಲಿಕೆಗಳು. ಸೇವಂತಿಗೆ, ದೇವಕಣಗಿಲೆ ಹೂವು, ಅತಿಮಧುರದ ಜೊತೆಗೆ ಹಾ ಫೂ ಚೋ ಕೂಡ ಇದೆ. 2009ರಲ್ಲಿ ಈ ಗಿಡದ ಬಗ್ಗೆಯೇ ಚೀನಾದಲ್ಲಿ ದೊಡ್ಡ ಚರ್ಚೆಯಾಯಿತು. ಆಹಾರದಲ್ಲೂ ಬಳಸಬಹುದಾದ ಮೂಲಿಕೆಗಳ ಸರ್ಕಾರಿ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ. ಔಷಧವನ್ನು ಪಾನೀಯದಲ್ಲಿ ಹಾಕಬಹುದೇ ಅನ್ನುವುದು ಪ್ರಶ್ನೆ. 2010ರಲ್ಲಿ ಆರೋಗ್ಯ ಸಚಿವಾಲಯ ಲ್ಯೂಂಗ್ ಚಾ ಪಾನೀಯಕ್ಕೆ ಇದನ್ನು ಬಳಸಬಹುದು ಅಂತ ಅನುಮತಿ ಕೊಟ್ಟಿತು.

ನೀವು ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟು ಅಂತ ನೋಡಿ. 100 ಮಿ.ಲೀ.ಗೆ 9 ಗ್ರಾಂ ಅಂತ ಇದ್ದರೆ 310 ಮಿ.ಲೀ. ಡಬ್ಬಿಯಲ್ಲಿ ಸುಮಾರು 28 ಗ್ರಾಂ ಆಯಿತು. ಟೀ ಚಮಚದ ಲೆಕ್ಕದಲ್ಲಿ ಏಳು ಚಮಚ. ಮಕ್ಕಳಿಗೆ "ಮೂಲಿಕೆ ಅಲ್ವಾ, ಒಳ್ಳೇದು" ಅಂತ ಕೊಡುವ ಮುಂಚೆ ಆ ಏಳು ಚಮಚವನ್ನು ಒಂದು ತಟ್ಟೆಗೆ ಸುರಿದು ನೋಡಿ. ಸಿಂಗಾಪುರದವರಿಗೆ ಈ ಕೆಲಸ ಸುಲಭ. 2022ರ ಡಿಸೆಂಬರ್ ಕೊನೆಯಿಂದ ಅಲ್ಲಿ ಪ್ಯಾಕ್ ಮಾಡಿದ ಪಾನೀಯಗಳಿಗೆ ಎ, ಬಿ, ಸಿ, ಡಿ ಅಂತ ನ್ಯೂಟ್ರಿ-ಗ್ರೇಡ್ ದರ್ಜೆ ಇದೆ. 100 ಮಿ.ಲೀ.ಗೆ 5 ಗ್ರಾಂ ದಾಟಿದರೆ ಸಿ, 10 ದಾಟಿದರೆ ಡಿ. ಸಿ ಅಥವಾ ಡಿ ಕಂಡರೆ ಅದನ್ನು ಸೋಡಾ ಲೆಕ್ಕಕ್ಕೇ ಹಾಕಿ. ಸಕ್ಕರೆ ಇಲ್ಲದ್ದೂ ಸಿಗುತ್ತದೆ, ಪ್ರಯಾಣದಲ್ಲಿ ಅದು ಪರವಾಗಿಲ್ಲ.

ಪುಡಿ ಪ್ಯಾಕೆಟ್

ಬಿಸಿನೀರಿಗೆ ಸುರಿದು ಕಲಕಿ ಕುಡಿಯುವುದು. ಜಾಸ್ತಿ ಸಿಗುವುದು 'ಹಾ ಸೋಂಗ್ ಗುಕ್' ಅನ್ನುವ ಮಿಶ್ರಣ. ಹಾ ಫೂ ಚೋ, ಹಿಪ್ಪುನೇರಳೆ ಎಲೆ, ಕಾಡು ಸೇವಂತಿಗೆ, ಈ ಮೂರು. ರೇಷ್ಮೆ ಹುಳು ಸಾಕಿದ ರಾಮನಗರ, ಕೋಲಾರದ ಕಡೆಯವರಿಗೆ ಹಿಪ್ಪುನೇರಳೆ ಸೊಪ್ಪು ಗೊತ್ತೇ ಇದೆ. ಅದನ್ನು ಹುಳುವಿಗೆ ಮಾತ್ರವಲ್ಲ, ಮನುಷ್ಯರಿಗೂ ಕುಡಿಸುತ್ತಾರೆ ಅಂದಾಗ ಕೋಲಾರದ ನನ್ನ ಗೆಳತಿ ನಂಬಲೇ ಇಲ್ಲ.

ಆಫೀಸಿನಲ್ಲಿ, ಹಾಸ್ಟೆಲ್ಲಿನಲ್ಲಿ ಇರುವವರಿಗೆ ಇದು ಚೆನ್ನ. ಸಕ್ಕರೆ ಹಾಕಿದ್ದು, ಹಾಕದ್ದು ಎರಡೂ ಇದೆ. ಹಾಕದ್ದನ್ನೇ ಕೇಳಿ ತಗೊಳ್ಳಿ, ಸಿಹಿ ಪ್ಯಾಕೆಟ್ಟಿನಲ್ಲಿ ಮೂಲಿಕೆಗಿಂತ ಸಕ್ಕರೆಯೇ ಜಾಸ್ತಿ.

ವೈದ್ಯರು ಕೊಡುವ ಸತ್ವದ ಹರಳು

ಇದು ಅಂಗಡಿಯ ಪುಡಿಯಲ್ಲ. ಹಾಂಗ್‌ಕಾಂಗ್‌ನಲ್ಲಿ ಚೀನೀ ವೈದ್ಯ ಪದ್ಧತಿಯವರಿಗೂ ಸರ್ಕಾರಿ ನೋಂದಣಿ ಇದೆ. ಅವರು ನಾಡಿ ಹಿಡಿದು, ನಾಲಿಗೆ ನೋಡಿ, ಬೇರೆ ಬೇರೆ ಮೂಲಿಕೆಗಳ ಸತ್ವವನ್ನು ತೂಕ ಮಾಡಿ ಬೆರೆಸಿ ಕೊಡುತ್ತಾರೆ. ಹಾ ಫೂ ಚೋ ಅದರಲ್ಲಿ ಒಂದು ಅಂಶ ಮಾತ್ರ. ಕುತ್ತಿಗೆಯ ಗಂಟು, ಥೈರಾಯ್ಡ್, ಸ್ತನದ ಗಂಟು ಅಂತ ಹೋದಾಗ ಇದನ್ನು ಜಾಸ್ತಿ ಬರೆಯುತ್ತಾರೆ. 'ಗಂಟು ಕರಗಿಸುತ್ತದೆ' ಅನ್ನುವ ಹಳೆಯ ಮಾತು ಇದಕ್ಕೆ ಆಧಾರ.

ಇಲ್ಲಿ ನಾನು ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳಬೇಕು. ನನಗೆ ಪರಿಚಯದ ಒಬ್ಬರು ಕುತ್ತಿಗೆಯಲ್ಲಿ ಗೋಲಿ ಗಾತ್ರದ ಗಂಟು ಬಂದಾಗ ಯಾರೋ ಹೇಳಿದರು ಅಂತ ಮನೆಯಲ್ಲೇ ಇದನ್ನು ಕುದಿಸಿ ಕುಡಿಯುತ್ತಾ ಕೂತರು. ನಾಲ್ಕು ತಿಂಗಳು. ಗಂಟು ಹಾಗೇ ಇತ್ತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಆಪರೇಷನ್ ಬೇಕು ಅಂದರು. ಮಾಡಿಸಿಕೊಂಡು ಈಗ ಚೆನ್ನಾಗಿದ್ದಾರೆ. ಆದರೆ ಆ ನಾಲ್ಕು ತಿಂಗಳು ಅವರ ಹೆಂಡತಿ ಪಟ್ಟ ಭಯವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗಂಟು ಕಂಡರೆ ಮೊದಲು ಆಸ್ಪತ್ರೆಗೆ ಹೋಗಿ, ಪರೀಕ್ಷೆ ಮಾಡಿಸಿ. ಕಣ್ಣು ಕೆಂಪಾಗಿ ನೋವಿದ್ದರೆ, ಮಬ್ಬು ಕಂಡರೆ ಅದಕ್ಕೂ ಇದೇ ಮಾತು. ಚೀನೀ ವೈದ್ಯರ ಹತ್ತಿರ ಹೋಗುವುದಾದರೆ ಆ ರಿಪೋರ್ಟ್ ಹಿಡಿದುಕೊಂಡೇ ಹೋಗಿ.

ಅಂಗಳದಲ್ಲೇ ಸಿಕ್ಕರೆ?

ಅಮೆರಿಕ, ಇಂಗ್ಲೆಂಡ್‌ನಲ್ಲಿರುವವರು ಇದನ್ನು ಓದಿ "ಅಯ್ಯೋ, ಇದು ನಮ್ಮ ಹಿತ್ತಲಲ್ಲೇ ಇದೆಯಲ್ಲ" ಅನ್ನಬಹುದು. ಇರುತ್ತದೆ. ಅಲ್ಲಿ ಲಾನ್ ಕಳೆ ಅಂತ ಕಿತ್ತು ಎಸೆಯುತ್ತಾರೆ. ಭಾರತದಲ್ಲೂ ಹಿಮಾಲಯದ ತಪ್ಪಲಿನಲ್ಲಿ, ದಕ್ಷಿಣದಲ್ಲಿ ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ.

ಗುರುತು ಹೀಗೆ: ಕಾಂಡವನ್ನು ಎರಡು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗಬೇಕು. ಎಲೆಗಳು ಎದುರುಬದುರು. ಹೂತೆನೆಯ ಬುಡದಲ್ಲಿ ಒಂದು ಜೊತೆ ಎಲೆ, ಅಂಗಿಗೆ ಕಾಲರ್ ಇದ್ದ ಹಾಗೆ. ಆದರೂ ಕುಡಿಯುವುದಕ್ಕೆ ನಾನು ಇದನ್ನು ಹೇಳುವುದಿಲ್ಲ. ಲಾನ್‌ಗೆ ಕಳೆನಾಶಕ ಹೊಡೆದಿರುತ್ತಾರೆ, ನಾಯಿಗಳು ಓಡಾಡಿರುತ್ತವೆ. ಬಗ್ಗಿ ಕೂತು ನೋಡಿ, ಜೇನು ಬಂದು ಕೂರುವುದನ್ನು ಮಕ್ಕಳಿಗೆ ತೋರಿಸಿ. ಕೊರಿಯಾದಲ್ಲಿ ಇದಕ್ಕೆ ಜೇನಿನ ಹುಲ್ಲು ಅನ್ನುವ ಅರ್ಥದ ಹೆಸರೇ ಇದೆ. ಊರಿಗೆ ಹೋಗುವಾಗ ಒಣ ತೆನೆ ಕಟ್ಟಿಕೊಂಡು ಹೋಗುವ ಯೋಚನೆಯೂ ಬೇಡ. ಅದರ ತುಂಬ ಬೀಜ ಇರುತ್ತದೆ, ಗಿಡದ ಸಾಮಾನು ತರುವುದಕ್ಕೆ ಭಾರತದಲ್ಲಿ ಕ್ವಾರಂಟೀನ್ ನಿಯಮಗಳಿವೆ.

ಇದರ ಬದಲು ಇನ್ನೊಂದು

ಎಷ್ಟೋ ಸಲ ನಿಮಗೆ ಬೇಕಾಗಿರುವುದು ಹಾ ಫೂ ಚೋ ಅಲ್ಲವೇ ಅಲ್ಲ. ಬಿಸಿಲಲ್ಲಿ ಸುತ್ತಾಡಿ ಸುಸ್ತಾಗಿದೆ, ಕಂಪ್ಯೂಟರ್ ನೋಡಿ ಕಣ್ಣು ಉರಿಯುತ್ತಿದೆ ಅಂದರೆ ಬರೀ ಸೇವಂತಿಗೆ ಚಹಾ ಸಾಕು. ಅದು ಹಗುರ, ಕಹಿ ಕಡಿಮೆ, ಬಿಸಿನೀರಲ್ಲಿ ಹೂ ಹಾಕಿದರೆ ಐದು ನಿಮಿಷದ ಕೆಲಸ. ಹುಲ್ಲುಗಾವಲಿನ ಇನ್ನೆರಡು ಪುಟ್ಟ ಗಿಡಗಳೂ ಇದರ ಪಕ್ಕದ ಗೋಣಿಯಲ್ಲೇ ಇರುತ್ತವೆ. ಹಳದಿ ಹೂವಿನ ಡ್ಯಾಂಡಿಲಿಯನ್ ಒಂದು, ನೇರಳೆ ವಯೊಲೆಟ್ ಇನ್ನೊಂದು. ಚೀನೀ ಪದ್ಧತಿಯಲ್ಲಿ ಇವೆರಡನ್ನೂ ಕುರು, ಕೀವು, ಊತಕ್ಕೆ ಹೇಳುತ್ತಾರೆ. ಮೂರೂ 'ಉಷ್ಣ ಇಳಿಸುವ' ಗುಂಪಿನವೇ ಆದರೂ ಕಣ್ಣು ಮತ್ತು ಗಂಟಿನ ಮಾತು ಬಂದಾಗ ಹೆಸರು ಕೇಳುವುದು ಹಾ ಫೂ ಚೋದ್ದೇ. ಎಲ್ಲ ತಂಪೇ ಅಂತ ಮೂರನ್ನೂ ಸೇರಿಸಿ ಕುದಿಸಬೇಡಿ. ಹೊಟ್ಟೆ ತಡೆಯುವುದಿಲ್ಲ.

ಯಾರಿಗೆ ಬೇಡ

ನಮ್ಮಲ್ಲಿ 'ಶೀತ ಮೈ' ಅನ್ನುತ್ತಾರಲ್ಲ, ಮಜ್ಜಿಗೆ ಕುಡಿದರೂ ನೆಗಡಿ ಆಗುವವರು, ಅಂಥವರಿಗೆ ಇದು ಹಿಡಿಸುವುದಿಲ್ಲ. ಹೊಟ್ಟೆ ನಾಜೂಕಾಗಿರುವವರಿಗೆ ಭೇದಿ ಆಗಬಹುದು. ಚೀನೀ ವೈದ್ಯರೂ ಹೊಟ್ಟೆ ದುರ್ಬಲ ಇದ್ದವರಿಗೆ ಬೇಡ ಅನ್ನುತ್ತಾರೆ. ಬಸುರಿ ಬಾಣಂತಿಯರಿಗೆ, ಚಿಕ್ಕ ಮಕ್ಕಳಿಗೆ ನಾನಂತೂ ಕೊಡುವುದಿಲ್ಲ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಉಳಿದವರೂ ಮೈ ಉಷ್ಣ ಅನ್ನಿಸಿದಾಗ ಒಂದೆರಡು ದಿನ ಕುಡಿದು ನಿಲ್ಲಿಸಿ. ದಿನವೂ ಕುಡಿಯುವ ಪಾನಕ ಇದಲ್ಲ.

ಅಮ್ಮ ಬಂದಾಗಲೂ ಇದೇ ಪ್ರಶ್ನೆ ಬಂತು. ಅವರಿಗೆ ಹತ್ತು ವರ್ಷದಿಂದ ಬಿಪಿ ಮಾತ್ರೆ. ನಾನು ಕುದಿಸುವುದನ್ನು ನೋಡುತ್ತಾ ನಿಂತಿದ್ದರು, "ನಂಗೂ ಒಂದು ಲೋಟ ಕೊಡೇ" ಅಂದರು. ಊರಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆವು. ಬೇಡ ಅಂದರು. ಅಮ್ಮನಿಗೆ ಸೇವಂತಿಗೆ ಚಹಾ ಮಾಡಿಕೊಟ್ಟೆ, ಒಂದು ಚೂರು ಕಲ್ಲುಸಕ್ಕರೆ ಹಾಕಿ. ನಾನು ಮತ್ತು ಪೋ ಪೋ ಹಾ ಫೂ ಚೋ ಕುಡಿದೆವು. ಅಮ್ಮ ತೊಳೆದಿಟ್ಟ ತೆನೆಯೊಂದನ್ನು ಬಿಡಿಸಿ, ನಾಲ್ಕು ಬೀಜ ಎಣಿಸಿ, ಚಮಚದ ನೀರಿಗೆ ಹಾಕಿ ಲೋಳೆ ಕಟ್ಟುವುದನ್ನೇ ನೋಡುತ್ತಾ ಕೂತಿದ್ದರು.